ಕುಮ್ಕಿಯ ಗಡಿ ನಡೆದ ವರ್ಷ

ಓದುಗರ ಸನ್ನಿಧಾನಕ್ಕೆ,

ಮೊದಲಿಗೆ ಕ್ಷಮೆ ಯಾಚಿಸಬೇಕಾಗಿದೆ. ನನ್ನ ಕಾಗುಣಿತ ಭರವಸೆಯದ್ದಲ್ಲ; ಅಲ್ಪಪ್ರಾಣ ಬರೆಯುವಲ್ಲಿ ಮಹಾಪ್ರಾಣ ಬರೆದು, ಮತ್ತೆ ಹೊಡೆದುಹಾಕಿ, ಹಾಳೆ ಗಲೀಜು ಮಾಡುವ ಅಭ್ಯಾಸ ಶಾಲೆಯಿಂದಲೂ ಉಂಟು. ಕೈಬರಹ ಅದಕ್ಕಿಂತ ಕಡೆ. ಇದುವರೆಗೆ ನಾನು ಬರೆದದ್ದೆಲ್ಲ ಅರ್ಜಿ, ಮನವಿ, ನಡಾವಳಿ ಮತ್ತು ಸುತ್ತೋಲೆಗಳೇ. ಅವುಗಳ ಕೆಳಗೆ ಇರುತ್ತಿದ್ದುದು ಬೇರೆಯವರ ಸಹಿ. ನನ್ನದೇ ಮಾತನ್ನು ನನ್ನದೇ ಹೆಸರಿನಲ್ಲಿ ಬರೆಯುತ್ತಿರುವುದು ಇದೇ ಮೊದಲು. ಆದಕಾರಣ ಈ ಬರಹವು ಕಚೇರಿಯ ಪತ್ರದಂತೆ ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಬೇರೆ ರೀತಿಯಲ್ಲಿ ಬರೆಯುವುದು ನನಗೆ ತಿಳಿದಿಲ್ಲ.

ವಿಷಯವೇನೆಂದರೆ, ಕಳೆದ ತಿಂಗಳು ಕಬಕ ಜಂಕ್ಷನ್ನಿನಲ್ಲಿ ವಿಟ್ಲದ ಬಸ್ಸಿಗೆ ಕಾಯುತ್ತಿದ್ದಾಗ ರಬ್ಬರ್ ಶೀಟು ಹೇರಿಕೊಂಡ ಪಿಕಪ್ ವಾಹನವೊಂದು ನನ್ನೆದುರು ಬಂದು ನಿಂತಿತು. ಹೊಗೆಮನೆಯಲ್ಲಿ ಒಣಗಿದ ಶೀಟಿನ ವಾಸನೆ ಗೊತ್ತಿರುವವರಿಗೆ ವಿವರಣೆ ಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹುಳಿ ಬಂದ ಹಾಲನ್ನೂ ಬಚ್ಚಲೊಲೆಯ ಹೊಗೆಯನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿಟ್ಟ ಹಾಗಿರುತ್ತದೆ. ಎರಡು ಬಸ್ಸು ಬಂದು ಹೋದವು, ನಾನು ಹತ್ತಲಿಲ್ಲ. ದುಃಖವಾಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಬಹಳ ಹೊತ್ತು ಚಕ್ಕಳಬಕ್ಕಳ ಕೂತು ಎದ್ದಾಗ ಕಾಲು ನೆಲದ ಮೇಲಿದ್ದರೂ ನೆಲ ತಿಳಿಯುವುದಿಲ್ಲ. ಅಂಥದೇ ಒಂದು ಸ್ಥಿತಿ.

ಈಗ ನಾನು ಪುತ್ತೂರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದೇನೆ. ಈ ಬರಹದಲ್ಲಿ ಹೇಳಹೊರಟಿರುವ ವರ್ಷ ಕಡಬ ತಾಲೂಕಿನ ಒಂದು ಗ್ರಾಮದಲ್ಲಿ ರಬ್ಬರ್ ಬೆಳೆಗಾರರ ಸಂಘದ ಗುಮಾಸ್ತೆಯಾಗಿದ್ದೆ. ಗ್ರಾಮದ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಲ್ಲಿ ನಾವು ತುಳುವಿನಲ್ಲಿ ಆಡಿಕೊಂಡ ಮಾತುಗಳನ್ನೂ ಇಲ್ಲಿ ಕನ್ನಡಕ್ಕೆ ತಂದು ಬರೆದಿರುತ್ತೇನೆ.

ವರ್ಷ ಪ್ರಾರಂಭವಾದದ್ದು ರಬ್ಬರ್ ಮರಗಳು ಎಲೆ ಉದುರಿಸುವ ಕಾಲದಲ್ಲಿ. ಆ ದಿನಗಳಲ್ಲಿ ತೋಟಕ್ಕೆ ನೆರಳಿರುವುದಿಲ್ಲ, ಗುಡ್ಡ ಇಡೀ ಬೋಳಾಗಿ ಆಚೆ ಗುಡ್ಡದ ಮನೆಗಳು ಕಾಣತೊಡಗುತ್ತವೆ. ನಮ್ಮ ಶೀಟನ್ನು ಖರೀದಿಸುತ್ತಿದ್ದ ಕಂಪೆನಿಯ ವತಿಯಿಂದ ವಿಪಿನ್ ಎಂಬ ಯುವ ಅಧಿಕಾರಿಯೊಬ್ಬರು ಬಂದರು. ಕೇರಳದವರು, ಕನ್ನಡವನ್ನು ಎಚ್ಚರಿಕೆಯಿಂದ ಮಾತನಾಡುತ್ತಿದ್ದರು. ಗೋದಾಮಿನ ಮುಂಭಾಗದಲ್ಲಿದ್ದ ನಮ್ಮ ಕಚೇರಿ ಕೋಣೆಯಲ್ಲಿ ನಿರ್ದೇಶಕರ ಸಭೆ ಸೇರಿತು. ಸಮುದ್ರದಾಚೆ ಹಲವು ದೇಶಗಳು ಕೂಡಿ ಮಾಡಿಕೊಂಡ ಒಂದು ಒಕ್ಕೂಟ ಇದೆಯೆಂದೂ, ಅದು ಒಂದು ಕಾನೂನು ತಂದಿದೆಯೆಂದೂ, ಕಾಡು ಕಡಿದ ಜಾಗದಲ್ಲಿ ಬೆಳೆದ ರಬ್ಬರಿನ ಟಯರು ಇನ್ನು ಆ ದೇಶಗಳಿಗೆ ಹೋಗುವಂತಿಲ್ಲವೆಂದೂ ಅವರು ತಿಳಿಸಿದರು. ಪ್ರತಿಯೊಬ್ಬ ಬೆಳೆಗಾರನ ಜಾಗದ ಗಡಿಯನ್ನು ಮೊಬೈಲಿನಲ್ಲಿ ನಡೆದು ಗುರುತಿಸಿ ಕಳುಹಿಸಬೇಕು. ಆಕಾಶದಿಂದ ತೆಗೆದ ಹಳೆಯ ಚಿತ್ರದೊಂದಿಗೆ ಅದನ್ನು ಹೋಲಿಸಿ ನೋಡುತ್ತಾರೆ.

"ಅದು ಯಾವ ಸರಕಾರ?" ಎಂದು ಕೇಳಿದವರು ಬೆಳ್ಯಪ್ಪಣ್ಣ. ನಿರ್ದೇಶಕರಲ್ಲಿ ಹಿರಿಯರು, ಸಭೆಯಲ್ಲಿ ಸುಮ್ಮನೆ ಕೂರುವ ಜಾಯಮಾನದವರಲ್ಲ.

"ಒಂದು ಸರಕಾರ ಅಲ್ಲ ಅಣ್ಣ. ಅಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಸರಕಾರ ಉಂಟು. ಅದೆಲ್ಲದರ ಮೇಲೆ ಇದೊಂದು."

"ನಮ್ಮ ಗ್ರಾಮ ಪಂಚಾಯತಿನ ಮೇಲೆ ತಾಲೂಕು ಪಂಚಾಯತ್ ಇದ್ದ ಹಾಗೆ?"

"ಹೆಚ್ಚು ಕಡಿಮೆ ಹಾಗೆಯೇ."

"ಹಾಗಾದ್ರೆ ಅಲ್ಲಿಯೂ ಯಾರತ್ರ ಕೇಳಿದ್ರೂ 'ನಮ್ಮದಲ್ಲ, ಮೇಲಿನವರದ್ದು' ಅಂತಾರೆ."

ಎಲ್ಲರೂ ನಕ್ಕರು, ವಿಪಿನ್ ಸಹ ನಕ್ಕರು. ನಗದೆ ಇದ್ದವರು ಕುಸುಮಕ್ಕ ಒಬ್ಬರೇ. ಅವರ ಪರಿಚಯವನ್ನು ಇಲ್ಲಿ ಹೇಳುವುದು ಅಗತ್ಯ. ಕುಸುಮಕ್ಕ ಸುಳ್ಯದ ಕಡೆಯಿಂದ ಮದುವೆಯಾಗಿ ನಮ್ಮ ಗ್ರಾಮಕ್ಕೆ ಬಂದವರು, ಮನೆಮಾತು ಅರೆಭಾಷೆ. ಸಂಘದ ಸ್ಥಾಪಕ ಸದಸ್ಯರಲ್ಲಿ ಅವರೊಬ್ಬರೇ ಹೆಂಗಸು. ಸದಸ್ಯರು ತಂದ ಶೀಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಗುಳ್ಳೆ, ಕಸ, ಕಪ್ಪು ನೋಡಿ, ಯಾವ ದರ್ಜೆಗೆ ಸೇರಬೇಕೆಂದು ಹೇಳುವ ಕೆಲಸ ಅವರದ್ದು. ಅವರು ಕೆಳದರ್ಜೆಗೆ ಹಾಕಿದ ಶೀಟಿನ ಬಗ್ಗೆ ಗಂಡಸರು ತಕರಾರು ಎತ್ತುತ್ತಿರಲಿಲ್ಲ. ತಮ್ಮದೇ ಶೀಟನ್ನು ಕೂಡ ಅವರು ಒಮ್ಮೆ ಕೆಳದರ್ಜೆಗೆ ಎಸೆದದ್ದನ್ನು ಎಲ್ಲರೂ ಕಂಡಿದ್ದರು.

"ಈ ಕಾನೂನಿಗೆ ನಮ್ಮ ದೇಶ ಒಪ್ಪಿದೆಯಾ?" ಎಂದು ಕುಸುಮಕ್ಕ ಕೇಳಿದರು.

"ಒಪ್ಪಬೇಕಂತ ಇಲ್ಲ ಅಕ್ಕ. ಇಲ್ಲಿ ಯಾರಿಗೆ ಬೇಕಾದ್ರೂ ನೀವು ಶೀಟು ಮಾರಬಹುದು, ಯಾರೂ ತಡೆಯುದಿಲ್ಲ. ಅಲ್ಲಿಗೆ ಹೋಗುವ ಮಾಲಿಗೆ ಕೊಡುದಾದರೆ ಮಾತ್ರ ಇದು."

"ಅಂದ್ರೆ ನಾವು ಸ್ವತಂತ್ರರು," ಎಂದರು ಅಧ್ಯಕ್ಷರಾದ ಚಂದ್ರಶೇಖರ ಗೌಡರು. "ಬೇಡಾಂದ್ರೆ ಮನೆಯಲ್ಲಿ ಕೂರುವಷ್ಟು."

ನಕ್ಷೆ ಮಾಡುವ ಕೆಲಸವನ್ನು ಗುಮಾಸ್ತೆಗೆ ವಹಿಸುವುದೆಂದು ಅದೇ ದಿನ ತೀರ್ಮಾನವಾಯಿತು. ಮೊದಲು ಯಾರ ಜಾಗ ಎಂಬ ಪ್ರಶ್ನೆ ಬಂದಾಗ ಒಬ್ಬರ ಮುಖ ಒಬ್ಬರು ನೋಡಿದರು. "ನನ್ನದೇ ಮಾಡು ವಾರಿಜಾ. ಏನಾಗ್ತದೆ ನೋಡುವ," ಎಂದು ಕುಸುಮಕ್ಕ ಎದ್ದರು.

ಮರುದಿನ ಬೆಳಿಗ್ಗೆ ಅವರ ತೋಟಕ್ಕೆ ಹೋದೆ. ತರಗೆಲೆ ಪಾದದ ಗಂಟಿನವರೆಗೆ ಬಿದ್ದಿತ್ತು, ನಡೆದರೆ ಹಪ್ಪಳ ಮುರಿದಂತೆ ಶಬ್ದ. ಮರದ ತೊಗಟೆ ಕೆತ್ತಿ ಟ್ಯಾಪಿಂಗ್ ಮಾಡುತ್ತಿದ್ದ ಮುತ್ತಮ್ಮ ರಬ್ಬರ್ ಹಾಲು ಸಂಗ್ರಹಿಸುವ ಬಕೆಟ್ ಕೆಳಗಿಟ್ಟು ನನ್ನ ಮೊಬೈಲನ್ನು ಇಣುಕಿ ನೋಡಿದರು. ಮುತ್ತಮ್ಮ ಸಿಲೋನಿನಲ್ಲಿ ಹುಟ್ಟಿದವರು. ಹಿಂದೆ ಎರಡು ದೇಶಗಳ ನಡುವೆ ಆದ ಒಪ್ಪಂದದ ಮೇರೆಗೆ ಅಲ್ಲಿನ ತಮಿಳು ಕುಟುಂಬಗಳನ್ನು ಕರೆತಂದು ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳ ಕಾಲನಿಗಳಲ್ಲಿ ಇರಿಸಿದ್ದನ್ನು ಈ ಭಾಗದವರೆಲ್ಲ ಬಲ್ಲರು. ಇದು ಎಂತಕ್ಕೆ ಎಂದು ಮುತ್ತಮ್ಮ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ.

"ನಮ್ಮಪ್ಪನಿಗೂ ಹೀಗೇ ಒಂದು ಕಾಗದ ಬಂದದ್ದಂತೆ," ಎಂದರು ಮುತ್ತಮ್ಮ. "ಎರಡು ದೇಶದ ದೊಡ್ಡವರು ಕೂತು ಸಹಿ ಹಾಕಿದ್ದು. ನಮ್ಮಪ್ಪ ಚಹಾ ಕೊಯ್ತಾ ಇದ್ದದ್ದು. ನಾನು ಅಮ್ಮನ ಸೊಂಟದಲ್ಲಿ. ಹಡಗಿಂದ ಇಳಿದ ಮೇಲೆ ಅಪ್ಪ ಕೇಳಿದ್ದಂತೆ, ಇದು ನನ್ನ ದೇಶ ಅಂತ ನಿಮಗೆ ಯಾರು ಹೇಳಿದ್ದು ಅಂತ."

"ಅದಕ್ಕೆ ಏನು ಹೇಳಿದ್ರು?"

"ಲೈನಲ್ಲಿ ನಿಲ್ಲು ಅಂದ್ರು." ಮುತ್ತಮ್ಮ ಬಕೆಟ್ ಎತ್ತಿಕೊಂಡು ಮುಂದಿನ ಮರಕ್ಕೆ ಹೋದರು.

ಕುಸುಮಕ್ಕ ಮುಂದೆ, ನಾನು ಹಿಂದೆ. ಪ್ರತಿ ಮೂಲೆಯಲ್ಲಿ ನಿಂತು ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆ ಬೀಳುತ್ತಿತ್ತು. ಮೇಲಿನ ಗಡಿಕಲ್ಲಿನ ಹತ್ತಿರ ಬಂದಾಗ ಅವರು ತಿರುಗಿ ನಿಂತರು.

"ಇಲ್ಲಿಂದ ಮೇಲೆ ಕುಮ್ಕಿ. ಅದೂ ಬೇಕಾ?"

ನಾನು ಯೋಚನೆ ಮಾಡಲಿಲ್ಲ. "ಬೇಕು ಅಕ್ಕ. ಅಲ್ಲಿಯೂ ನಿಮ್ಮದೇ ರಬ್ಬರ್ ಅಲ್ವಾ?" ಎಂದೆ.

ಕುಮ್ಕಿಯ ಬಗ್ಗೆ ಬೇರೆ ಜಿಲ್ಲೆಯ ಓದುಗರಿಗೆ ಒಂದು ಮಾತು ಹೇಳಬೇಕಾಗುತ್ತದೆ. ಪಹಣಿಯಲ್ಲಿ ನಮ್ಮ ಹೆಸರಿರುವ ಜಾಗಕ್ಕೆ ತಾಗಿಕೊಂಡಿರುವ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆದುಕೊಳ್ಳುವ ಸವಲತ್ತು ನಮ್ಮ ಕಡೆ ಬ್ರಿಟಿಷರ ಕಾಲದಿಂದಲೂ ಇದೆ. ಆ ಜಾಗವೇ ಕುಮ್ಕಿ. ಕಾಗದದಲ್ಲಿ ಅದು ಸರಕಾರದ್ದು, ಬಾಯಿಮಾತಿನಲ್ಲಿ ನಮ್ಮದು. ಸೊಪ್ಪು ತೆಗೆಯುತ್ತಿದ್ದಲ್ಲಿ ಅಜ್ಜಂದಿರು ಗೇರು ನೆಟ್ಟರು, ಅಪ್ಪಂದಿರು ರಬ್ಬರ್ ನೆಟ್ಟರು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಕುಮ್ಕಿಯನ್ನೂ ಪಾಲು ಮಾಡುತ್ತಾರೆ. ಅದನ್ನು ಹೆಸರಿಗೆ ಮಾಡಿಕೊಡಿ ಎಂದು ಕುಸುಮಕ್ಕನ ಗಂಡ ಕೊಟ್ಟಿದ್ದ ಅರ್ಜಿ ಅವರು ತೀರಿಕೊಂಡ ಮೇಲೂ ಕಂದಾಯದ ಕಚೇರಿಯಲ್ಲೇ ಇತ್ತು. ನಮ್ಮಲ್ಲಿ ಹುಟ್ಟಿ ಬೆಳೆದ ಯಾರಿಗೇ ಆಗಲಿ, ತೋಟದ ಸುತ್ತ ನಡೆ ಎಂದರೆ ಕಾಲು ತಾನಾಗಿಯೇ ಕುಮ್ಕಿಯ ಹೊರಗಡೆಯಿಂದ ಹೋಗುತ್ತದೆ. ನನ್ನ ಕಾಲೂ ಹಾಗೆಯೇ ಹೋಯಿತು.

ಮೇಲಿನ ಆ ಪಟ್ಟಿಯಲ್ಲಿ ಇದ್ದದ್ದು ಎಳೆಯ ರಬ್ಬರ್. ಗಂಡ ನೆಟ್ಟ ಮರಗಳು ಮುದಿಯಾಗಿ ಹಾಲು ನಿಂತಾಗ ಅವನ್ನು ಕಡಿಸಿ ಕುಸುಮಕ್ಕ ಹೊಸದಾಗಿ ನೆಟ್ಟಿದ್ದರು. ಅದನ್ನು ಅವರೇ ಹೇಳಿದರು. ಹಳೆಯ ಬುಡಗಳನ್ನೂ ತೋರಿಸಿದರು. ನಾನು ನಕ್ಷೆಯನ್ನು ಪೂರ್ಣಗೊಳಿಸಿ ಅಲ್ಲಿಂದಲೇ ಕಳುಹಿಸಿದೆ.

ಒಂದು ವಾರದ ತರುವಾಯ ವಿಪಿನ್ ಫೋನ್ ಮಾಡಿ, ಪಹಣಿಯಲ್ಲಿ ಹೆಸರಿರುವ ಜಾಗವನ್ನು ಮಾತ್ರ ನಡೆಯಬೇಕೆಂದೂ, ಹಕ್ಕಿಲ್ಲದ ಜಾಗ ಸೇರಿದರೆ ತೊಂದರೆಯೆಂದೂ ತಿಳಿಸಿದರು. ಕುಸುಮಕ್ಕನದ್ದನ್ನು ತಿದ್ದಬಹುದೇ ಎಂದು ಕೇಳಿದೆ. ಕಳುಹಿಸಿದ್ದು ತಿದ್ದಲು ಬರುವುದಿಲ್ಲ, ನೋಡುವ ಎಂದರು. ಉಳಿದ ಸದಸ್ಯರ ಜಾಗವನ್ನೆಲ್ಲ ನಾನು ಗಡಿಕಲ್ಲಿನ ಒಳಗಿನಿಂದಲೇ ನಡೆದೆ. ಅವರ ಕುಮ್ಕಿಯಲ್ಲೂ ರಬ್ಬರ್ ಇತ್ತು. ಆ ಹಾಲೂ ಅದೇ ಬಕೆಟಿಗೆ ಬೀಳುತ್ತಿತ್ತು, ಅದೇ ಶೀಟಾಗಿ ಅದೇ ಗೋದಾಮಿಗೆ ಬರುತ್ತಿತ್ತು. ಬೆಳ್ಯಪ್ಪಣ್ಣನ ಕುಮ್ಕಿ ಅವರ ಸ್ವಂತ ಜಾಗಕ್ಕಿಂತ ದೊಡ್ಡದು. ಗಡಿಕಲ್ಲಿನ ಬಳಿ ಅವರು, "ಇಲ್ಲಿಂದ ಮೇಲಿನದ್ದು ನಾವು ನೋಡಿಯೇ ಇಲ್ಲ, ಅಲ್ವಾ ವಾರಿಜಾ?" ಎಂದರು. "ಇಲ್ಲ," ಎಂದು ನಾನು ಗುಂಡಿ ಒತ್ತಿದೆ.

ಬೇಸಗೆ ಕಳೆಯಿತು. ಮರಗಳಿಗೆ ಹೊಸ ಎಲೆ ಬಂತು. ಮಳೆಗೆ ಮುಂಚೆ, ನೀರು ಹಾಲಿಗೆ ಇಳಿಯದಂತೆ ಮರಗಳಿಗೆ ಪ್ಲಾಸ್ಟಿಕ್ ಲಂಗ ಕಟ್ಟುವ ಕೆಲಸ ಎಲ್ಲ ತೋಟಗಳಲ್ಲಿ ನಡೆಯಿತು. ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ಮಳೆ ಒಂದೇ ಸಮನೆ ಹೊಯ್ಯುತ್ತಿದ್ದ ದಿನ, ಕಂಪೆನಿಯಿಂದ ಪಟ್ಟಿ ಬಂತು. ಎಲ್ಲರ ಹೆಸರಿನ ಎದುರು ಹಸಿರು, ಕುಸುಮಕ್ಕನ ಹೆಸರಿನ ಎದುರು ಕೆಂಪು. ಸದರಿ ಜಾಗದ ಒಂದು ಭಾಗ ಸರಕಾರಿ ಭೂಮಿಯಾಗಿದ್ದು, ನಿಗದಿತ ದಿನಾಂಕದ ತರುವಾಯ ಅಲ್ಲಿ ಮರಗಳನ್ನು ಕಡಿದಿರುವುದು ಚಿತ್ರದಲ್ಲಿ ಕಂಡುಬಂದಿದೆ ಎಂಬ ಕಾರಣ ನಮೂದಾಗಿತ್ತು. ಆಕಾಶದಿಂದ ನೋಡಿದರೆ ಮುದಿ ರಬ್ಬರಿಗೂ ಕಾಡಿಗೂ ವ್ಯತ್ಯಾಸ ಕಾಣುವುದಿಲ್ಲವಂತೆ.

ಒಬ್ಬರ ಕೆಂಪು ಇಡೀ ಸಂಘಕ್ಕೆ ತಾಗುವುದು ಎಂಬುದು ಆಗ ತಿಳಿಯಿತು. ಗೋದಾಮಿನಲ್ಲಿ ಎಲ್ಲರ ಶೀಟೂ ಒಂದೇ ಅಟ್ಟಿಗೆ ಸೇರುವುದರಿಂದ, ಕೆಂಪು ಇರುವ ಸದಸ್ಯೆಯನ್ನು ಬೇರ್ಪಡಿಸುವವರೆಗೆ ಲಾರಿ ಬರುವುದಿಲ್ಲವೆಂದು ಕಂಪೆನಿ ತಿಳಿಸಿತು. ಲಾರಿ ಬರಲಿಲ್ಲ. ಮಳೆಯ ಥಂಡಿಗೆ ಅಟ್ಟಿಯ ಕೆಳಗಿನ ಶೀಟುಗಳಿಗೆ ಬೂಷ್ಟು ಹಿಡಿಯತೊಡಗಿತು. ಕುಸುಮಕ್ಕ ದಿನಾ ಬಂದು ಬೂಷ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಯಾರ ಶೀಟು ಎಂದು ನೋಡುತ್ತಿರಲಿಲ್ಲ.

ನಾನು ಮತ್ತು ಕುಸುಮಕ್ಕ ಕಂದಾಯದ ಕಚೇರಿಗೆ ಹೋದೆವು. ಅಲ್ಲಿ ಕಡಿದದ್ದು ಕಾಡಲ್ಲ, ರಬ್ಬರ್ ಮರ ಎಂದು ಒಂದು ಕಾಗದ ಬೇಕಾಗಿತ್ತು.

"ಕುಮ್ಕಿ ನಿಮ್ಮದು ಅಂತ ಬರೆದು ಕೊಡ್ಲಿಕ್ಕೆ ನನಗೆ ಆಗುದಿಲ್ಲ," ಎಂದರು ಅಲ್ಲಿನ ಅಧಿಕಾರಿ. "ಸರಕಾರಿ ಜಾಗದಲ್ಲಿ ನೀವು ರಬ್ಬರ್ ಹಾಕಿದ್ದು ಅಂತ ಬರೆದು ಕೊಟ್ರೆ ನಿಮಗೇ ಕಷ್ಟ. ಯಾವುದು ಬೇಕು ಹೇಳಿ."

ಕುಸುಮಕ್ಕ ಮೇಜಿಗೆ ಅಂಗೈಯಿಂದ ಬಡಿದರು. ಗಂಡನ ಅರ್ಜಿಯ ವಿಷಯ ಎತ್ತಿದರು, ಇಷ್ಟು ಕಾಲ ನಿದ್ದೆ ಮಾಡಿದ್ದು ಯಾರು ಎಂದು ಕೇಳಿದರು, ಶಾಸಕರ ಹೆಸರು ಹೇಳಿದರು. ಅಧಿಕಾರಿ ಎಲ್ಲವನ್ನೂ ಕೇಳಿ, ನೀರು ಕೊಟ್ಟು, "ನೀವು ಹೇಳುದು ಸರಿ ಅಕ್ಕ," ಎಂದರು. ಕಾಗದ ಕೊಡಲಿಲ್ಲ.

ಹೊರಗೆ ಬಂದು ಕೊಡೆ ಬಿಡಿಸುತ್ತ ಕುಸುಮಕ್ಕ, "ಇಲ್ಲಿ ಕೆಲಸ ಆಗದಿದ್ರೂ ಬಡಿಯಲಿಕ್ಕೆ ಒಂದು ಮೇಜಾದ್ರೂ ಉಂಟು. ಅವರ ಮೇಜು ಎಲ್ಲಿರುದು?" ಎಂದು ಕೇಳಿದರು.

ಅದನ್ನೇ ನಾನು ವಿಪಿನ್ ಅವರಿಗೆ ಫೋನಿನಲ್ಲಿ ಕೇಳಿದೆ. "ನಮ್ಮ ಮ್ಯಾನೇಜರ್ ಹತ್ರ ಕೇಳಿದೆ ಮೇಡಂ. ರೂಲ್ ಅವರದ್ದಲ್ಲ. ಟಯರ್ ಕಂಪೆನಿಯದ್ದೂ ಅಲ್ಲ. ಅಲ್ಲಿನ ಪಾರ್ಲಿಮೆಂಟಿನದ್ದು," ಎಂದರು.

"ಅಲ್ಲಿಗೆ ಓಟು ಹಾಕುದು ಯಾರು?"

"ಅಲ್ಲಿನವರು. ಅಲ್ಲಿನವರಿಗೂ ಸಮಾಧಾನ ಇಲ್ಲ ಮೇಡಂ. ನಮ್ಮ ದೇಶದ ವಿಷಯದಲ್ಲಿ ಇವರು ಯಾರು ಹೇಳ್ಲಿಕ್ಕೆ ಅಂತ ಅಲ್ಲಿಯೂ ರೈತರು ಟ್ರ್ಯಾಕ್ಟರ್ ತಕೊಂಡು ಹೋಗಿ ರಸ್ತೆಯಲ್ಲಿ ನಿಲ್ತಾರೆ."

"ನಮಗೆ ನಿಲ್ಲುದಾದರೆ ಯಾವ ರಸ್ತೆ?"

ವಿಪಿನ್ ಒಳ್ಳೆಯ ಮನುಷ್ಯ. ಮನವಿ ಸಲ್ಲಿಸುವ ಒಂದು ಅಂತರ್ಜಾಲ ಪುಟದ ವಿಳಾಸವನ್ನು ಕಳುಹಿಸಿದರು. ಎರಡು ದಿನ ಕೂತು ನಾನು ಮನವಿ ಬರೆದೆ. ವಿಷಯ, ಉಲ್ಲೇಖ, ಮಾನ್ಯರೆ, ಎಲ್ಲವೂ ಕ್ರಮವಾಗಿತ್ತು. ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳತಿ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟಳು. ಪುಟವನ್ನು ತೆರೆದಾಗ, ಮೊದಲ ಅಂಕಣದಲ್ಲೇ ಅರ್ಜಿದಾರರು ಯಾವ ದೇಶದವರು ಎಂದು ಆರಿಸಬೇಕಾಗಿತ್ತು. ಪಟ್ಟಿಯನ್ನು ಎರಡು ಬಾರಿ ಕೆಳಗಿನವರೆಗೆ ನೋಡಿದೆ. ನಮ್ಮ ದೇಶ ಇರಲಿಲ್ಲ. ಆ ದೇಶಗಳ ಪ್ರಜೆಗಳಿಗೂ ಅಲ್ಲಿ ವಾಸಿಸುವವರಿಗೂ ಮಾತ್ರ ಮನವಿ ಸಲ್ಲಿಸುವ ಅವಕಾಶವೆಂದು ಕೆಳಗೆ ಬರೆದಿತ್ತು. ಅದು ನ್ಯಾಯವೇ ಇರಬಹುದು. ನಮ್ಮ ಗ್ರಾಮಸಭೆಯಲ್ಲೂ ನೆರೆಯ ಗ್ರಾಮದವರಿಗೆ ಮಾತನಾಡಲು ಬಿಡುವುದಿಲ್ಲ. ಆದರೆ ನಮ್ಮ ಗ್ರಾಮಸಭೆಯ ನಿರ್ಣಯದಿಂದ ನೆರೆಯ ಗ್ರಾಮದ ಲಾರಿ ನಿಂತದ್ದು ನನಗೆ ತಿಳಿದಿಲ್ಲ.

ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಮಹಾಸಭೆ. ಪ್ರತಿವರ್ಷ ಊಟಕ್ಕೆ ಮೊದಲು ಮುಗಿಯುವ ಸಭೆ ಅದು. ಆ ದಿನ ಶಾಲೆಯ ಸಭಾಭವನದಲ್ಲಿ ಕುರ್ಚಿ ಸಾಲಲಿಲ್ಲ. ಕುಸುಮಕ್ಕ ಎಂದಿನಂತೆ ಎರಡನೇ ಸಾಲಿನಲ್ಲಿ ಕೂತಿದ್ದರು. ಸಂಘದಿಂದ ಹೆಸರು ತೆಗೆದರೆ ಅವರ ಶೀಟನ್ನು ಗೋದಾಮು ತೆಗೆದುಕೊಳ್ಳುವಂತಿಲ್ಲ. ಕಿಟಕಿಯ ಬಳಿ ನಿಂತು ಊರಿನ ಶೀಟಿಗೆ ದರ್ಜೆ ಹೇಳುವ ಕೆಲಸವೂ ಅವರಿಗೆ ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು.

ಅಧ್ಯಕ್ಷರು ಎದ್ದು ಕನ್ನಡಕ ಒರೆಸಿಕೊಂಡರು. "ಇದು ನಾವು ಮಾಡುದಲ್ಲ. ಮೇಲಿನಿಂದ ಬಂದದ್ದು," ಎಂದರು.

"ಮೇಲೆ ಅಂದ್ರೆ ಎಷ್ಟು ಮೇಲೆ ಮಾರಾಯ್ರೆ?" ಎಂದರು ಬೆಳ್ಯಪ್ಪಣ್ಣ. "ಆ ಫೋಟೋ ತೆಗಿಯುವ ಉಪಗ್ರಹಕ್ಕಿಂತಲೂ ಮೇಲೆಯಾ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಅರ್ಧಕ್ಕೆ ನಿಲ್ಲಿಸಿದರು. ಆಗ ಕುಸುಮಕ್ಕ ಎದ್ದು ನಿಂತರು. ಧ್ವನಿ ಏರಿಸಲಿಲ್ಲ.

"ನನಗೆ ಒಂದು ಕೇಳ್ಲಿಕ್ಕೆ ಉಂಟು. ಕುಮ್ಕಿಯಲ್ಲಿ ರಬ್ಬರ್ ಇಲ್ಲದವರು ಇಲ್ಲಿ ಎಷ್ಟು ಜನ ಇದ್ದೀರಿ? ಅವರು ಮೊದಲು ಕೈ ಎತ್ತಿ."

ಮಳೆ ಬರುತ್ತಿದ್ದುದರಿಂದ ತಗಡಿನ ಮಾಡಿನ ಮೇಲೆ ಬಹಳ ಸದ್ದಿತ್ತು. ಯಾರೂ ಕೈ ಎತ್ತಲಿಲ್ಲ. ಅಧ್ಯಕ್ಷರು ಮೇಜಿನ ಮೇಲಿದ್ದ ಕಾಗದವನ್ನು ಓದುತ್ತಿದ್ದರು. ಅದು ಊಟದ ಪಟ್ಟಿ ಎಂಬುದು ಪಕ್ಕದಲ್ಲಿ ಕೂತಿದ್ದ ನನಗೆ ಕಾಣುತ್ತಿತ್ತು. ನಾನು ಎದ್ದು, ಉಳಿದ ನಕ್ಷೆಗಳನ್ನೆಲ್ಲ ಕುಮ್ಕಿ ಬಿಟ್ಟು ನಡೆದದ್ದು ನಾನೇ ಎಂದು ಹೇಳಬಹುದಾಗಿತ್ತು. ಹೇಳಿದರೆ ಎಲ್ಲರ ಹಸಿರೂ ಹೋಗುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು. ಗುಮಾಸ್ತೆಯಾದ್ದರಿಂದ ನನಗೆ ಮತ ಇರಲಿಲ್ಲ. ಬಾಯಿ ಇತ್ತು.

"ಆಯ್ತು," ಎಂದರು ಕುಸುಮಕ್ಕ. "ಇನ್ನು ಎಲ್ಲರೂ ಎತ್ತಿ. ಲಾರಿ ಬರ್ಬೇಕಲ್ಲ. ಬೂಷ್ಟು ಹಿಡಿದದ್ದು ನಾನೇ ನೋಡಿದ್ದೇನೆ."

ಹೀಗೆ ಹೇಳಿ ತಮ್ಮ ಬಲಗೈಯನ್ನು ಎಲ್ಲರಿಗಿಂತ ಮೊದಲು ಎತ್ತಿದರು. ಒಂದೊಂದಾಗಿ ಉಳಿದ ಕೈಗಳು ಮೇಲೆ ಬಂದವು. ಎಣಿಸುವುದು ನನ್ನ ಕರ್ತವ್ಯವಾಗಿತ್ತು. ಸಾಲಿನಿಂದ ಸಾಲಿಗೆ ಎಣಿಸಿದೆ. ತಪ್ಪಿರಬಹುದೇ ಎಂದು ಇನ್ನೊಮ್ಮೆ ಎಣಿಸಿದೆ. ಅಷ್ಟು ಹೊತ್ತೂ ಅವರು ಕೈ ಇಳಿಸಲಿಲ್ಲ. ಸದಸ್ಯೆಯ ಜಾಗದ ನಕ್ಷೆಯು ಅನುಮೋದನೆ ಆಗದಿರುವ ಪ್ರಯುಕ್ತ ಅವರನ್ನು ಸದಸ್ಯತ್ವದಿಂದ ಕೈಬಿಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆದೆ. ನನ್ನ ಅಕ್ಷರ ಆ ದಿನ ಚೆನ್ನಾಗಿಯೇ ಬಂದಿತ್ತು. ಊಟಕ್ಕೆ ಪಾಯಸ ಇತ್ತು, ಬಡಿಸಿದ್ದನ್ನು ಉಂಡೆ.

ವಾರದೊಳಗೆ ಲಾರಿ ಬಂತು. ಕಿಟಕಿಯ ಬಳಿ ಶೀಟು ಹಿಡಿದು ನೋಡುವ ಕೆಲಸವನ್ನು ಬೇರೊಬ್ಬರಿಗೆ ವಹಿಸಲಾಯಿತು. ಅವರು ಕೆಳದರ್ಜೆಗೆ ಹಾಕಿದಾಗಲೆಲ್ಲ ಜಗಳವಾಗುತ್ತಿತ್ತು. ಕುಸುಮಕ್ಕ ತಮ್ಮ ಶೀಟನ್ನು ಪೇಟೆಯ ವ್ಯಾಪಾರಿ ಹಮೀದಾಕನಿಗೆ ಕೊಡಲು ಪ್ರಾರಂಭಿಸಿದರು. ಒಮ್ಮೆ ಅವರ ಅಂಗಡಿಯ ಮುಂದೆ ಹಾದುಹೋಗುವಾಗ ಹಮೀದಾಕ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನನಗೆ ನಕ್ಷೆ ಗಿಕ್ಷೆ ಬೇಡ ಕುಸುಮಕ್ಕ. ನಿಮ್ಮ ಶೀಟು ಬೆಳಕಿಗೆ ಹಿಡಿದ್ರೆ ಆಚೆ ಬದಿಯ ಬಸ್ಸಿನ ಬೋರ್ಡು ಓದ್ಲಿಕ್ಕೆ ಆಗ್ತದೆ." ಕುಸುಮಕ್ಕ, "ಓದಿ ಹೇಳಿ, ಯಾವ ಬಸ್ಸು ಅಂತ," ಎಂದರು. ನಾನು ಒಳಗೆ ಹೋಗದೆ ಮುಂದೆ ನಡೆದೆ.

ಮರಗಳ ಎಲೆ ಮತ್ತೆ ಹಳದಿಯಾಗತೊಡಗಿದಾಗ ವಿಪಿನ್ ಫೋನ್ ಮಾಡಿದರು. ಆ ಕಾನೂನನ್ನು ಜಾರಿಗೆ ತರುವುದನ್ನು ಅಲ್ಲಿನವರು ಮುಂದೂಡಿದ್ದಾರೆಂದು ತಿಳಿಸಿದರು.

"ಯಾಕಂತೆ?"

"ಅಲ್ಲಿನ ಕಂಪೆನಿಗಳು, ರೈತರು, ಕೆಲವು ದೇಶದ ಸರಕಾರಗಳು, ಎಲ್ಲ ಸೇರಿ ಗಲಾಟೆ ಮಾಡಿದ್ದು ಮೇಡಂ. ಕೇಳದಿದ್ರೆ ನಾಳೆ ಓಟು ಬೀಳುದಿಲ್ಲ ಅಲ್ವಾ."

ಅದೇ ಸಂಜೆ ಕುಸುಮಕ್ಕನ ಮನೆಗೆ ಹೋದೆ. ಮಹಾಸಭೆಯ ತರುವಾಯ ಮೊದಲ ಸಲ ಹೋದದ್ದು. ಅವರು ಶೀಟು ಒತ್ತುವ ಯಂತ್ರದ ಹಿಡಿ ತಿರುಗಿಸುತ್ತಿದ್ದರು, ಮುತ್ತಮ್ಮ ಆಚೆ ಬದಿಯಿಂದ ಶೀಟು ಹಿಡಿಯುತ್ತಿದ್ದರು. ವಿಷಯ ತಿಳಿಸಿದೆ.

"ಅಲ್ಲಿನವರು ಕೇಳಿದ್ದಕ್ಕೆ ಮುಂದೆ ಹಾಕಿದ್ದಾ?"

"ಹೌದು ಅಕ್ಕ."

"ಒಳ್ಳೆಯದಾಯ್ತು. ಅವರಿಗಾದ್ರೂ ಕೇಳ್ಲಿಕ್ಕೆ ಜನ ಉಂಟಲ್ಲ." ಹಿಡಿ ಒಂದು ಸುತ್ತು ತಿರುಗಿತು. "ಹಾಗಾದ್ರೆ ನನ್ನ ಹೆಸರು ಸಂಘಕ್ಕೆ ತಿರುಗಿ ಬರ್ತದಾ?"

"ತೆಗೆದದ್ದು ಮಹಾಸಭೆ. ಸೇರಿಸುದಾದ್ರೂ ಮಹಾಸಭೆಯೇ ಸೇರಿಸ್ಬೇಕು."

"ಆ ಸಭೆ ಎಲ್ಲಿನದ್ದು? ಸಮುದ್ರದ ಆಚೆಯದ್ದಾ?"

"ನಮ್ಮದೇ."

"ಮತ್ತೆ ಯಾಕೆ ಯಾರೂ ಕರೆಯುದಿಲ್ಲ?"

ಇಷ್ಟು ತಿಂಗಳು ನಾನು ಆ ದೂರದ ಮೇಜಿನ ಬಗ್ಗೆಯೇ ಯೋಚಿಸುತ್ತಿದ್ದೆ. ನಡಾವಳಿ ಬರೆದ ಮೇಜು ನನ್ನದೇ ಆಗಿತ್ತು.

"ಅಕ್ಕ, ಆ ದಿನ ಗಡಿಕಲ್ಲಿನ ಹತ್ರ ನೀವು ಕೇಳಿದ್ದಿರಿ. ಕುಮ್ಕಿ ಬೇಕು ಅಂತ ಹೇಳಿದ್ದು ನಾನು. ತಪ್ಪು ನನ್ನದು," ಎಂದೆ.

ಕುಸುಮಕ್ಕ ಹಿಡಿಯನ್ನು ನಿಲ್ಲಿಸಿದರು. "ಮಾರಾಯ್ತಿ, ನೀನು ಇದ್ದದ್ದನ್ನು ಇದ್ದ ಹಾಗೆ ನಡೆದದ್ದು. ಅದನ್ನು ತಪ್ಪು ಅಂತ ಯಾರ ಹತ್ರವೂ ಹೇಳ್ಬೇಡ. ಹಾಗೆ ಹೇಳಿದ್ರೆ ನನ್ನನ್ನು ತೆಗಿಯಲಿಕ್ಕೆ ನಾನೇ ಎರಡನೇ ಸಲ ಕೈ ಎತ್ತಿದ ಹಾಗೆ ಆಗ್ತದೆ." ಮತ್ತೆ ಹಿಡಿ ತಿರುಗಿಸತೊಡಗಿದರು. ಮುತ್ತಮ್ಮ ಒಳಗಿನಿಂದ ಚಹಾ ತಂದುಕೊಟ್ಟರು.

ಸಂಘದ ನಿಯಮದ ಪ್ರಕಾರ ಐದರಲ್ಲಿ ಒಂದು ಪಾಲು ಸದಸ್ಯರು ಸಹಿ ಮಾಡಿದರೆ ವಿಶೇಷ ಮಹಾಸಭೆಯನ್ನು ಕರೆಯಲೇಬೇಕು. ಕೋರಿಕೆ ಪತ್ರವನ್ನು ನಾನೇ ಟೈಪ್ ಮಾಡಿ, ಸಹಿಗೆ ಗೆರೆಗಳನ್ನು ಹಾಕಿ, ಕಚೇರಿ ಮುಗಿದ ಮೇಲೆ ಮನೆಮನೆಗೆ ಹೋದೆ. ಕುಸುಮಕ್ಕ ಸದಸ್ಯೆ ಅಲ್ಲದ್ದರಿಂದ ಅವರು ಸಹಿ ಮಾಡುವಂತಿರಲಿಲ್ಲ. ನಾನೂ ಮಾಡುವಂತಿರಲಿಲ್ಲ. ಮೊದಲು ಬೆಳ್ಯಪ್ಪಣ್ಣನ ಮನೆಗೆ ಹೋದೆ. ಅವರು ಪತ್ರವನ್ನು ಎರಡು ಸಲ ಓದಿದರು.

"ಸರಿಯಾಗಿ ಬರೆದಿದ್ದಿ. ನಾನು ಖಂಡಿತ ಹಾಕ್ತೇನೆ," ಎಂದರು. "ಆದ್ರೆ ಮೊದಲಿನ ಸಹಿ ನನ್ನದು ಬೇಡ. ನಾಲ್ಕೈದು ಬಿದ್ದ ಮೇಲೆ ತಾ."

ಅಧ್ಯಕ್ಷರು ಮುಂದಿನ ಮಹಾಸಭೆಯಲ್ಲಿ ನೋಡುವ ಎಂದರು. ಉಳಿದವರಲ್ಲಿ ಯಾರೂ ಆಗುವುದಿಲ್ಲ ಎನ್ನಲಿಲ್ಲ. ಚಹಾ ಕೊಟ್ಟರು, ಕುಸುಮಕ್ಕನಿಗೆ ಅನ್ಯಾಯವಾಯಿತು ಎಂದರು, ಎರಡನೆಯ ಸಹಿ ಹಾಕಲು ಎಲ್ಲರೂ ತಯಾರಿದ್ದರು. ಕಾನೂನು ಮತ್ತೆ ಬಂದರೆ ಎಂಬ ಅನುಮಾನವನ್ನು ಕೆಲವರು ಹೇಳಿದರು, ಕೆಲವರು ಹೇಳದೆ ಕುಮ್ಕಿಯ ಕಡೆಗೆ ನೋಡಿದರು. ಮೂರು ವಾರ ನಡೆದೆ. ಮೊದಲನೆಯ ಗೆರೆ ಖಾಲಿಯಾಗಿಯೇ ಉಳಿಯಿತು. ಅದರ ಮುಂದಿನ ತಿಂಗಳು ನನ್ನ ರಾಜೀನಾಮೆ ಪತ್ರವನ್ನು ನಾನೇ ಟೈಪ್ ಮಾಡಿ ಅಧ್ಯಕ್ಷರ ಮೇಜಿನ ಮೇಲಿಟ್ಟೆ. ವೈಯಕ್ತಿಕ ಕಾರಣ ಎಂದು ಬರೆದಿದ್ದೆ. ಅವರು ಕಾರಣ ಕೇಳಲಿಲ್ಲ.

ಆ ಕಾನೂನು ಕೆಟ್ಟದ್ದೆಂದು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಕಾಡು ಉಳಿಯಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ನಮ್ಮ ಮೇಲೆ ಯಾರು ಯಾರು ಇರಬೇಕು, ಎಷ್ಟು ಮೇಲೆ ಇರಬೇಕು ಎಂಬುದನ್ನು ತೀರ್ಮಾನಿಸುವವಳು ನಾನಲ್ಲ. ಕೇಳಲು ಬಂದವರ ಹೆಸರು ಪಟ್ಟಿಯಲ್ಲಿ ಇರಬೇಕು ಎಂದಷ್ಟೇ ನನಗೆ ಅನ್ನಿಸುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ನಾವು ಏನು ಮಾಡಿದೆವು ಎಂಬುದನ್ನೂ ಮೇಲೆ ಬರೆದಿರುತ್ತೇನೆ.

ಈ ಬರಹದಲ್ಲಿ ಕಾಗುಣಿತದ, ವ್ಯಾಕರಣದ ಅಥವಾ ವಿವರಗಳ ತಪ್ಪು ಕಂಡುಬಂದಲ್ಲಿ ಓದುಗರು ಸಂಕೋಚಪಡದೆ ಗೆರೆ ಎಳೆದು ತಿದ್ದಬೇಕಾಗಿ ವಿನಂತಿ. ಯಾರ ಕೈಯಿಂದ ತಿದ್ದುಪಡಿ ಬಂದರೂ ಸ್ವೀಕರಿಸುತ್ತೇನೆ. ಒಂದು ವಾಕ್ಯವನ್ನು ಮಾತ್ರ ಬರೆದ ಹಾಗೆಯೇ ಬಿಡಬೇಕಾಗಿ ಕೋರುತ್ತೇನೆ: ಆ ವರ್ಷ ನಮ್ಮ ಸಂಘದಿಂದ ಕಳುಹಿಸಿದ ನಕ್ಷೆಗಳಲ್ಲಿ ಸರಿಯಾಗಿದ್ದದ್ದು ಕುಸುಮಕ್ಕನದ್ದು ಒಂದೇ.

ಇತಿ,
ವಾರಿಜಾ
ಪುತ್ತೂರು